ಜಿಂಕೆ ಸಿಕ್ಕಿತು, ಸಮಾಧಾನ ಸಿಗಲಿಲ್ಲ: ಒಂದು ಬಿಲ್ಲು ಬೇಟೆಯ ಪ್ರಕರಣ

ಮೊದಲೇ ಒಂದು ಮಾತು. ಇದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಲೈಸೆನ್ಸ್ ತೆಗೆದುಕೊಂಡು, ಸೀಸನ್ ಒಳಗೇ ನಡೆದ ಬೇಟೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಜೈಲಿಗೆ ಹೋಗುವಂಥ ಅಪರಾಧ. ಹಾಗಾಗಿ ಇದನ್ನು ಓದಿ ಯಾರೂ ಬನ್ನೇರುಘಟ್ಟದ ಅಂಚಿನಲ್ಲಿ ಬಿಲ್ಲು ಹಿಡಿದು ಓಡಾಡುವ ಯೋಚನೆ ಮಾಡಬೇಡಿ.

ನಾನು ಬೆಂಗಳೂರಿನಲ್ಲಿ ಕಾಂಪೌಂಡ್ ಬಿಲ್ಲು, ಅಂದರೆ ಎರಡೂ ತುದಿಗೆ ರಾಟೆ ಇರುವ ಈಗಿನ ಕಾಲದ ಬಿಲ್ಲು, ಹೇಳಿಕೊಡುವವನು. ಗುರಿ ಹಲಗೆ ಬಿಟ್ಟು ಬೇರೆ ಯಾವುದಕ್ಕೂ ಬಾಣ ಬಿಟ್ಟವನಲ್ಲ. ಆದರೆ ನಮ್ಮಲ್ಲಿ ಕಲಿತವರು ಕೆಲಸಕ್ಕೆ ಅಂತ ಅಮೆರಿಕಕ್ಕೆ ಹೋಗುತ್ತಾರೆ. ಅಲ್ಲಿ ಕಾಂಪೌಂಡ್ ಬಿಲ್ಲು ಇದೆ ಅಂದರೆ "ಬೇಟೆ ಆಡ್ತೀಯಾ?" ಅನ್ನೋದೇ ಮೊದಲ ಪ್ರಶ್ನೆ. ಅಂಥವರಿಗೆ ಉಪಯೋಗ ಆಗಲಿ ಅಂತ ಈ ಪ್ರಕರಣವನ್ನು, ಸಂಬಂಧಪಟ್ಟವನ ಒಪ್ಪಿಗೆ ತೆಗೆದುಕೊಂಡೇ, ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯವರ ಕೆಲವು ವಿವರ ಬದಲಿಸಿದ್ದೇನೆ. ಅವನನ್ನು ಚಂದ್ರು ಅನ್ನೋಣ.

ಹಿನ್ನೆಲೆ

ಚಂದ್ರುವಿನ ಅಪ್ಪನ ಊರು ಮಂಡ್ಯ ಕಡೆ, ಅವನು ಬೆಳೆದದ್ದು ಪೂರ್ತಿ ಬೆಂಗಳೂರಿನ ವಿಜಯನಗರದಲ್ಲಿ. ಕಾರಿನ ಸಾಫ್ಟ್‌ವೇರ್ ಕೆಲಸ. ಆ ಕೆಲಸದವರು ಡೆಟ್ರಾಯಿಟ್ ಕಡೆಗೆ ಆನ್‌ಸೈಟ್ ಹೋಗುವುದು ಮಾಮೂಲು, ಇವನೂ ಹೋದ. ಬಾಡೂಟದ ಮನೆ. ಯುಗಾದಿ ಮಾರನೇ ದಿನ ಹೊಸತೊಡಕಿಗೆ ಬೀದಿಯವರೆಲ್ಲ ಚಂದಾ ಹಾಕಿ ಕುರಿ ಕಡಿಸಿ ಗುಡ್ಡೆ ಮಾಡಿ ಹಂಚಿಕೊಳ್ಳುವುದು, ಅಜ್ಜಿ ಹಿತ್ತಿಲಲ್ಲಿ ಕೂತು ಬೋಟಿ ತೊಳೆಯುವುದು, ಇದೆಲ್ಲ ಅವನು ನೋಡಿಕೊಂಡೇ ಬೆಳೆದವನು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅವನ ಕಥೆ ಕೇಳಿದ ಒಂದಿಬ್ಬರು "ಸಾಫ್ಟ್‌ವೇರ್ ಹುಡುಗ, ರಕ್ತ ನೋಡಿ ತಲೆ ತಿರುಗಿದೆ" ಅಂದುಬಿಟ್ಟರು. ವಿಷಯ ಅಷ್ಟು ಸಲೀಸಲ್ಲ.

ಬಿಲ್ಲಿನಲ್ಲಿ ಅವನ ಕೈ ಚೆನ್ನಾಗಿತ್ತು. ಕಾಂಪೌಂಡ್ ಸ್ಪರ್ಧೆ ನಡೆಯುವುದು 50 ಮೀಟರಿನಲ್ಲಿ, ಹತ್ತು ಅಂಕದ ವೃತ್ತದ ಅಗಲ ಬರೀ 8 ಸೆಂಟಿಮೀಟರ್. ಅದರೊಳಗೆ ಸಾಲಾಗಿ ಬಾಣ ಕೂರಿಸುತ್ತಿದ್ದ. ಮಿಶಿಗನ್‌ನಲ್ಲಿ ಆಫೀಸಿನ ಒಬ್ಬ ಹಿರಿಯ ಸಹೋದ್ಯೋಗಿ ಬೇಟೆಯ ದಾರಿ ತೋರಿಸಿದ. ಮೊದಲು ಹಂಟರ್ ಸೇಫ್ಟಿ ಕೋರ್ಸ್ ಮಾಡಿಸಿದ. ಆಮೇಲೆ ಒಬ್ಬ ವಯಸ್ಸಾದ ರೈತನ ಹತ್ತಿರ ಕರೆದುಕೊಂಡು ಹೋಗಿ, ಅವನ ಮೆಕ್ಕೆಜೋಳದ ಹೊಲದ ಹಿಂದಿನ ಕಾಡಿನಲ್ಲಿ ಕೂರುವುದಕ್ಕೆ ಅನುಮತಿ ಕೊಡಿಸಿದ. ಮೊದಲ ಸೀಸನ್ ಪೂರ್ತಿ ಚಂದ್ರು ಮರದ ಅಟ್ಟಣೆಯ ಮೇಲೆ ಸುಮ್ನೆ ಕೂತು ನೋಡಿದ, ಒಂದು ಬಾಣವನ್ನೂ ಬಿಡಲಿಲ್ಲ. ಆ ತಾಳ್ಮೆ ಅವನಲ್ಲಿ ಇತ್ತು ಅನ್ನೋದು ಮುಂದಿನದ್ದಕ್ಕೆ ಮುಖ್ಯ.

ಅಲ್ಲಿನ ಲೆಕ್ಕಾಚಾರವೂ ಬೇರೆ. ಮಿಶಿಗನ್‌ನ ದಕ್ಷಿಣ ಭಾಗದಲ್ಲಿ ಬಿಳಿಬಾಲದ ಜಿಂಕೆ ವಿಪರೀತ ಜಾಸ್ತಿ. ಇಡೀ ರಾಜ್ಯದಲ್ಲಿ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಕಾರುಗಳು ಜಿಂಕೆಗೆ ಗುದ್ದುತ್ತವೆ. ಬೆಳೆಗೂ ಕಾಟ. ಹಾಗಾಗಿ ಹೆಣ್ಣು ಜಿಂಕೆ ಹೊಡೆಯಿರಿ ಅಂತ ಸರ್ಕಾರದ ಇಲಾಖೆಯೇ ಲೈಸೆನ್ಸ್ ಕೊಡುತ್ತದೆ. ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ನವೆಂಬರ್ 15ಕ್ಕೆ ಬಂದೂಕಿನವರು ಇಳಿಯುತ್ತಾರೆ. ಚಂದ್ರು ತೆಗೆದುಕೊಂಡಿದ್ದು ಹೆಣ್ಣು ಜಿಂಕೆಯ ಲೈಸೆನ್ಸ್. ಕೊಂಬಿನ ಆಸೆ ಅವನಿಗೆ ಇರಲಿಲ್ಲ, ಫ್ರೀಜರ್ ತುಂಬಿದರೆ ಸಾಕು ಅಂತಿದ್ದ.

ಆ ಸಂಜೆ

ಅಕ್ಟೋಬರ್ ಕೊನೆಯ ವಾರ, ಸಂಜೆ 6 ಗಂಟೆ ದಾಟಿತ್ತು. ಸೂರ್ಯ ಮುಳುಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತು. ಒಂದು ಹೆಣ್ಣು ಜಿಂಕೆ, ಜೊತೆಗೆ ಆ ವರ್ಷದ ಮರಿ, ಜೋಳದ ಅಂಚಿನಿಂದ ಹೊರಗೆ ಬಂದವು. ಮರಿ ಅಂದರೆ ಎಳೆಗರು ಅಲ್ಲ. ಮೇ ಕೊನೆ, ಜೂನ್‌ನಲ್ಲಿ ಹುಟ್ಟಿದವು ಅಷ್ಟು ಹೊತ್ತಿಗೆ ಹಾಲು ಬಿಟ್ಟಿರುತ್ತವೆ, ತಾವೇ ಮೇಯುತ್ತವೆ. ಅದು ಅವನಿಗೆ ಗೊತ್ತಿತ್ತು.

ದೂರ ಸುಮಾರು 25 ಮೀಟರ್. ಅವನ ಲೆಕ್ಕದಲ್ಲಿ ಏನೇನೂ ಅಲ್ಲ. ಹೆದೆ ಎಳೆದ. ಅಷ್ಟರಲ್ಲಿ ಜಿಂಕೆ ತಲೆ ಎತ್ತಿ ನೇರವಾಗಿ ಮರದ ಕಡೆ ನೋಡಿತು. ಎದೆ ಅರ್ಧ ಇವನ ಕಡೆಗಿತ್ತು, ಭುಜದ ಮೂಳೆ ಅಡ್ಡ. ಬಿಲ್ಲು ಬೇಟೆಯಲ್ಲಿ ಈ ಕೋನ ಬೇಡ ಅಂತ ಕೋರ್ಸ್‌ನಲ್ಲೇ ಹೇಳಿಕೊಡುತ್ತಾರೆ. ಬಂದೂಕಿನ ಗುಂಡಿನ ಹಾಗೆ ಬಾಣ ಹೊಡೆತದ ರಭಸದಿಂದ ಕೊಲ್ಲುವುದಿಲ್ಲ. ಬಾಣದ ತುದಿಯ ಬ್ಲೇಡು ಕೊಯ್ದು ರಕ್ತ ಹರಿಯಬೇಕು. ಎರಡೂ ಶ್ವಾಸಕೋಶ ದಾಟಿ ಹೋದರೆ ಜಿಂಕೆ ಕೆಲವೇ ಸೆಕೆಂಡಿನಲ್ಲಿ ಬೀಳುತ್ತದೆ. ಅದಕ್ಕೆ ಜಿಂಕೆ ಪೂರ್ತಿ ಪಕ್ಕಕ್ಕೆ ನಿಂತಿರಬೇಕು, ಇಲ್ಲವೇ ಸ್ವಲ್ಪ ಆ ಕಡೆ ತಿರುಗಿರಬೇಕು.

ಚಂದ್ರು ಕಾದ. ಕಾಂಪೌಂಡ್ ಬಿಲ್ಲಿನಲ್ಲಿ ಹೆದೆ ಪೂರ್ತಿ ಎಳೆದ ಮೇಲೆ ಭಾರ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ಹಾಗಾಗಿ ತುಂಬಾ ಹೊತ್ತು ಹಿಡಿದು ನಿಲ್ಲಬಹುದು. ತುಂಬಾ ಹೊತ್ತು ಅಂದರೆ ಎಷ್ಟು? ಎಡಗೈ ನಡುಗಲು ಶುರುವಾಯಿತು. ಜಿಂಕೆ ತಲೆ ತಗ್ಗಿಸಿತು, ಪಕ್ಕಕ್ಕೆ ತಿರುಗುತ್ತಿದೆ ಅನ್ನಿಸಿತು. ಬಿಟ್ಟ.

ಬಿಟ್ಟ ಕ್ಷಣಕ್ಕೇ ಜಿಂಕೆ ಒಂದು ಹೆಜ್ಜೆ ಮುಂದಿಟ್ಟಿತು. ಜೊತೆಗೆ ಹೆದೆಯ ಸದ್ದಿಗೆ ಬೆಚ್ಚಿ ಕುಗ್ಗಿತು. ಇದು ವೇಗದ ಮಾತು. ಇಂಥ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತದೆ, ಸದ್ದು ಸುಮಾರು 340 ಮೀಟರ್. 25 ಮೀಟರಿಗೆ ಬಾಣ ಮುಟ್ಟಲು 0.3 ಸೆಕೆಂಡ್ ಬೇಕು, ಸದ್ದು 0.07 ಸೆಕೆಂಡಿನಲ್ಲಿ ಮುಟ್ಟಿರುತ್ತದೆ. ಮಧ್ಯದ ಆ ಕಾಲು ಸೆಕೆಂಡಿಗೂ ಕಮ್ಮಿ ಹೊತ್ತು ಹುಷಾರಾಗಿರುವ ಜಿಂಕೆಗೆ ಧಾರಾಳ. ಗಾಬರಿ ಇಲ್ಲದೆ ಮೇಯುತ್ತಿರುವ ಜಿಂಕೆಗೂ ಒಮ್ಮೆ ತಲೆ ಎತ್ತಿ ನೋಡಿದ ಜಿಂಕೆಗೂ ಇರುವ ವ್ಯತ್ಯಾಸ ಇದೇ.

ಬಾಣ ಪಕ್ಕೆಲುಬಿನ ಹಿಂದೆ ಬಿತ್ತು. ಜಿಂಕೆ ಬೆನ್ನು ಗೂನು ಮಾಡಿಕೊಂಡು ನಾಲ್ಕು ನೆಗೆತ ನೆಗೆದು ನಿಂತಿತು. ಆಮೇಲೆ ಬಾಲ ಇಳಿಬಿಟ್ಟುಕೊಂಡು ನಿಧಾನಕ್ಕೆ ನಡೆದುಕೊಂಡೇ ಕಾಡಿನೊಳಗೆ ಹೋಯಿತು. ಮರಿ ಹೊಲದ ಅಂಚಿನಲ್ಲೇ ನಿಂತು ಆ ಕಡೆ ಈ ಕಡೆ ನೋಡಿ, ಹಿಂದೆಯೇ ಹೋಯಿತು.

ಅರ್ಧ ಗಂಟೆ ಅಟ್ಟಣೆಯಲ್ಲೇ ಕೂತಿದ್ದು ಕೆಳಗಿಳಿದ. ಬಾಣ ಮಣ್ಣಿನಲ್ಲಿ ಓರೆಯಾಗಿ ಚುಚ್ಚಿಕೊಂಡಿತ್ತು. ಟಾರ್ಚ್ ಹಿಡಿದು ನೋಡಿದರೆ ಕೆಂಪು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಾಣದ ಉದ್ದಕ್ಕೂ ಹಸಿರು ಮಿಶ್ರಿತ ಕಂದು ಲೋಳೆ, ಗರಿಗಳಿಗೆ ಅಂಟಿಕೊಂಡ ಜೋಳದ ಚೂರು. ಮೂಗಿನ ಹತ್ತಿರ ಹಿಡಿದ. ಅಜ್ಜಿ ಬೋಟಿ ತೊಳೆಯುವಾಗ ಹಿತ್ತಿಲಿಂದ ಬರುತ್ತಿದ್ದ ವಾಸನೆ. ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಹೊಟ್ಟೆಗೆ ಬಿದ್ದಿದೆ.

ಹೋಗಬೇಕಾ, ಕಾಯಬೇಕಾ

ಈ ಪ್ರಕರಣದ ಗಂಟು ಇಲ್ಲಿದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಬಾಣದ ಮೇಲಿನ ಗುರುತು ನೋಡಿ ಎಷ್ಟು ಹೊತ್ತು ಕಾಯಬೇಕು ಅಂತ ಬೇಟೆಗಾರರು ನಿರ್ಧರಿಸುತ್ತಾರೆ. ನೊರೆ ನೊರೆ ತಿಳಿಗೆಂಪು ರಕ್ತ ಇದ್ದರೆ ಶ್ವಾಸಕೋಶ, ಹೆಚ್ಚು ಕಾಯಬೇಕಿಲ್ಲ. ಕಪ್ಪು ಕಪ್ಪು ಗಾಢ ರಕ್ತ ಇದ್ದರೆ ಲಿವರ್, ನಾಲ್ಕರಿಂದ ಆರು ಗಂಟೆ. ಹಸಿರು ಲೋಳೆ, ಕೆಟ್ಟ ವಾಸನೆ ಇದ್ದರೆ ಹೊಟ್ಟೆ ಇಲ್ಲವೇ ಕರುಳು, ಎಂಟರಿಂದ ಹನ್ನೆರಡು ಗಂಟೆ. ಹೊಟ್ಟೆಗೆ ಪೆಟ್ಟು ಬಿದ್ದ ಜಿಂಕೆ ಸಾಯುವುದು ಹೆಚ್ಚುಕಮ್ಮಿ ಖಚಿತ, ಆದರೆ ನಿಧಾನವಾಗಿ. ಅದರ ಪಾಡಿಗೆ ಬಿಟ್ಟರೆ ಸಾಮಾನ್ಯವಾಗಿ ಇನ್ನೂರು ಮುನ್ನೂರು ಮೀಟರ್ ಒಳಗೆ ಎಲ್ಲಾದರೂ ಪೊದೆ ಸೇರಿ ಮಲಗುತ್ತದೆ. ಆ ಹೊತ್ತಿನಲ್ಲಿ ಮನುಷ್ಯ ಹಿಂದೆ ಬಂದರೆ ಎದ್ದು ಓಡುತ್ತದೆ, ಕಿಲೋಮೀಟರ್‌ಗಟ್ಟಲೆ ಓಡಬಹುದು. ರಕ್ತ ಹೊರಗೆ ಬೀಳುವುದೇ ಕಡಿಮೆ, ಜಾಡು ಅಲ್ಲಿಗೆ ಮುಗಿಯಿತು. ಎಲ್ಲೋ ಸಾಯುತ್ತದೆ, ಯಾರಿಗೂ ಸಿಗುವುದಿಲ್ಲ.

ಪುಸ್ತಕದಲ್ಲಿ ಓದುವಾಗ ಇದು ಸರಿ. ಆದರೆ ಕತ್ತಲಲ್ಲಿ, ಆ ವಾಸನೆಯ ಬಾಣ ಕೈಯಲ್ಲಿ ಹಿಡಿದು ನಿಂತವನಿಗೆ "ಬೆಳಿಗ್ಗೆವರೆಗೆ ಮನೆಗೆ ಹೋಗಿ ಕೂತ್ಕೋ" ಅನ್ನುವುದು ಕ್ರೂರವಾಗಿ ಕೇಳಿಸುತ್ತದೆ. ನಾನು ಮಾಡಿದ ಗಾಯ, ನಾನು ಹೋಗಿ ಮುಗಿಸಬೇಡವಾ?

ಅವತ್ತು ಒತ್ತಡವೂ ಎರಡು ಕಡೆಯಿಂದ ಇತ್ತು. ರಾತ್ರಿ 3ರ ಸುಮಾರಿಗೆ ಮಳೆ ಅಂತ ಫೋನಿನಲ್ಲಿ ತೋರಿಸುತ್ತಿತ್ತು. ಮಳೆ ಬಂದರೆ ಇದ್ದಬದ್ದ ರಕ್ತವೂ ತೊಳೆದುಹೋಗುತ್ತದೆ. ಆ ಕಡೆ ಕಯೋಟಿಗಳೂ ಇವೆ, ಸಣ್ಣ ತೋಳದ ಜಾತಿ, ಗಾಯಗೊಂಡ ಜಿಂಕೆಯ ವಾಸನೆ ಹಿಡಿದು ಬರುತ್ತವೆ. ರೈತನ ಮಗ ಟಾರ್ಚ್ ತಂದು "ಈಗಲೇ ಹೋಗೋಣ, ಬೆಳಿಗ್ಗೆಗೆ ಮೂಳೆ ಮಾತ್ರ ಸಿಗುತ್ತೆ" ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಫೋನಿನಲ್ಲಿ ಸಹೋದ್ಯೋಗಿ ಮಾತ್ರ ಒಂದು ಹೆಜ್ಜೆಯನ್ನೂ ಕಾಡಿನೊಳಗೆ ಇಡಬೇಡ ಅಂದ. ಅವನ ಮಾತನ್ನು ಚಂದ್ರು ನನಗೆ ಕನ್ನಡದಲ್ಲಿ ಹೀಗೆ ಹೇಳಿದ: "ನಿನಗೆ ಈಗ ಹೋಗ್ಬೇಕು ಅನ್ನಿಸ್ತಿರೋದು ಜಿಂಕೆಗೋಸ್ಕರ ಅಲ್ಲ. ನಿನ್ನ ಕೈಕಾಲು ಸುಮ್ಮನಿರ್ತಿಲ್ಲ, ಅದಕ್ಕೆ."

ಚಂದ್ರು ನನಗೆ ಫೋನ್ ಮಾಡಿದ್ದು ಅಲ್ಲಿ ರಾತ್ರಿ ಎಂಟೂವರೆಗೆ, ಇಲ್ಲಿ ಬೆಳಿಗ್ಗೆ ಆರು. "ಸರ್, ತಪ್ಪು ಜಾಗಕ್ಕೆ ಬಿತ್ತು" ಅಂದ. ಬೇಟೆಯ ಬಗ್ಗೆ ನನ್ನ ಹತ್ತಿರ ಕೊಡುವ ಸಲಹೆ ಏನಿದೆ? ಕೇಳಿಸಿಕೊಂಡೆ, ಅಷ್ಟೇ. ಒಂದು ಸಲ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವನೇ ದಾರಿ ಹುಡುಕಿಕೊಂಡ. ಮಳೆಯ ಭಯ ಇರುವುದು ಕಣ್ಣಿಗೆ ಕಾಣುವ ರಕ್ತ ಹೋಗುತ್ತೆ ಅಂತ. ಮೂಗಿನಿಂದ ಹುಡುಕುವವರು ಬಂದರೆ? ಮಿಶಿಗನ್‌ನಲ್ಲಿ ಗಾಯಗೊಂಡ ಜಿಂಕೆ ಹುಡುಕಲು ಹಗ್ಗ ಕಟ್ಟಿದ ನಾಯಿ ಬಳಸುವುದಕ್ಕೆ ಅವಕಾಶ ಇದೆ. ಇದಕ್ಕೆಂದೇ ನಾಯಿ ತಯಾರು ಮಾಡಿದ ಜನ ಇದ್ದಾರೆ. ಯುನೈಟೆಡ್ ಬ್ಲಡ್ ಟ್ರ್ಯಾಕರ್ಸ್ ಅನ್ನುವ ಸಂಸ್ಥೆಯ ಪಟ್ಟಿಯಲ್ಲಿ ರಾಜ್ಯವಾರು ಹೆಸರು, ನಂಬರ್ ಸಿಗುತ್ತವೆ. ಅದರಲ್ಲಿ ಹತ್ತಿರದ ಒಬ್ಬರಿಗೆ ಫೋನ್ ಮಾಡಿದ. ಅವರು ಕೇಳಿದ ಮೊದಲ ಪ್ರಶ್ನೆ "ಜಾಡಿನ ಮೇಲೆ ಯಾರಾದರೂ ನಡೆದಿದ್ದೀರಾ?" ಇಲ್ಲ ಅಂದ. ಸರಿ, ಬೆಳಿಗ್ಗೆ ಬರುತ್ತೇನೆ, ಅಲ್ಲಿವರೆಗೆ ಯಾರೂ ಹೋಗಬೇಡಿ ಅಂದರು.

ಯಾರಾದರೂ ನಡೆದಿದ್ದರೆ ಅವರ ಚಪ್ಪಲಿ, ಬೂಟಿನ ತಳಕ್ಕೆ ರಕ್ತ ಅಂಟಿ ಹತ್ತು ಕಡೆ ಹರಡಿರುತ್ತದೆ, ನಾಯಿಗೆ ಗೊಂದಲ. ರೈತನ ಮಗನ ಮಾತು ಕೇಳಿ ಹೊರಟಿದ್ದರೆ ಆ ದಾರಿಯೂ ಮುಚ್ಚುತ್ತಿತ್ತು. ನನ್ನ ಪ್ರಕಾರ ಇಡೀ ರಾತ್ರಿಯ ತಿರುವು ಇದೊಂದೇ.

ಆ ರಾತ್ರಿ ಅವನು ನಿದ್ದೆ ಮಾಡಲಿಲ್ಲ. ಮಳೆ ಬಂತು, ಜೋರಾಗಿ ಅಲ್ಲ.

ಬೆಳಿಗ್ಗೆ

ನಾಯಿ ಅಂದರೆ ಏನೋ ದೊಡ್ಡ ಬೇಟೆ ನಾಯಿ ಬರುತ್ತದೆ ಅಂದುಕೊಂಡಿದ್ದ. ಗಾಡಿಯಿಂದ ಇಳಿದದ್ದು ಡ್ಯಾಶ್‌ಹಂಡ್. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸೋಫಾ ಮೇಲೆ ಮಲಗಿ ಬಿಸ್ಕತ್ತು ತಿನ್ನುತ್ತದಲ್ಲ, ಅದೇ ಗಿಡ್ಡ ಕಾಲಿನದ್ದು, ಕೂದಲು ಮಾತ್ರ ಒರಟು. ಗಿಡ್ಡ ಕಾಲೇ ಅನುಕೂಲ ಅಂತೆ, ಮೂಗು ನೆಲದ ಹತ್ತಿರವೇ ಇರುತ್ತದೆ, ನಿಧಾನಕ್ಕೆ ಹೋಗುವುದರಿಂದ ಜಾಡು ತಪ್ಪುವುದಿಲ್ಲ. ಹತ್ತು ಮೀಟರಿನ ಹಗ್ಗ ಕಟ್ಟಿ ಬಾಣ ಬಿದ್ದ ಜಾಗದಲ್ಲಿ ಬಿಟ್ಟರು.

ಬೆಳಕು ಹರಿಯುವ ಹೊತ್ತು, ಎಂಟು ಗಂಟೆ. ನಾಯಿ ಒಂದು ಸುತ್ತು ಸುತ್ತಿ, ಚಂದ್ರು ಅಂದುಕೊಂಡಿದ್ದ ದಾರಿ ಬಿಟ್ಟು ಎಡಕ್ಕೆ ಹೋಯಿತು. ನೂರೈವತ್ತು ಮೀಟರ್ ಆದ ಮೇಲೆ ಹುಲ್ಲು ಒರಗಿದ್ದ ಜಾಗ, ಜಿಂಕೆ ಮಲಗಿ ಎದ್ದದ್ದು. ಅಲ್ಲಿ ಎಲೆಯ ಅಡಿಯಲ್ಲಿ ಒಂದಿಷ್ಟು ಕಪ್ಪು ರಕ್ತ. ಕಣ್ಣಿಗೆ ಕಂಡ ರಕ್ತ ಹೆಚ್ಚುಕಮ್ಮಿ ಅಷ್ಟೇ. ಮುಂದೆ ಇನ್ನೊಂದು ಮಲಗಿದ ಜಾಗ. ಅದರಾಚೆ ತಂತಿ ಬೇಲಿ.

ಬೇಲಿ ಆಚೆ ಬೇರೆಯವರ ಜಮೀನು. ನಾಯಿ ಎಳೆಯುತ್ತಿದೆ, ಜಿಂಕೆ ಅಲ್ಲೇ ಎಲ್ಲೋ ಇದೆ, ಆದರೂ ಅನುಮತಿ ಇಲ್ಲದೆ ದಾಟುವ ಹಾಗಿಲ್ಲ. ರೈತ ಫೋನ್ ಮಾಡಿದ, ಎತ್ತಲಿಲ್ಲ. ಕೊನೆಗೆ ಅವರ ಮನೆಗೇ ಹೋಗಿ ಬಾಗಿಲು ತಟ್ಟಿ ಕೇಳಿಕೊಂಡು ಬರಬೇಕಾಯಿತು. ಆ ಮುಕ್ಕಾಲು ಗಂಟೆ ರಾತ್ರಿಗಿಂತ ಕಷ್ಟ ಆಯಿತು ಅಂತ ಚಂದ್ರು ಹೇಳುತ್ತಾನೆ. ಆ ಮನೆಯವರು ಬಿಲ್ಲು ತರಬೇಡಿ, ನಾಯಿಯವರು ಮತ್ತು ನೀನು ಇಬ್ಬರೇ ಹೋಗಿ ಅಂತ ಒಪ್ಪಿದರು.

ಬೇಲಿ ದಾಟಿ ನೂರು ಮೀಟರ್ ಕೂಡ ಇರಲಿಲ್ಲ. ಒಂದು ಸಣ್ಣ ತೊರೆಯ ಪಕ್ಕ, ಜೌಗಿನಲ್ಲಿ ಬಿದ್ದಿತ್ತು. ಸತ್ತಿತ್ತು. ಕಯೋಟಿ ಮುಟ್ಟಿರಲಿಲ್ಲ.

ಚಂದ್ರು ಮೊದಲು ಜೋರಾಗಿ ಉಸಿರು ಬಿಟ್ಟನಂತೆ, ನಗುವೂ ಬಂತಂತೆ. ನಾಯಿಯವರ ಕೈ ಕುಲುಕಿದ. ಅವರು ಕೆಳಗೆ ಕೂತು ಜಿಂಕೆಯ ದವಡೆ ಮುಟ್ಟಿ ನೋಡಿದರು, ಹಿಂಗಾಲು ಮಡಚಿ ನೋಡಿದರು. ದವಡೆ ಗಟ್ಟಿಯಾಗಿತ್ತು, ಹಿಂಗಾಲು ಇನ್ನೂ ಪೂರ್ತಿ ಸೆಟೆದಿರಲಿಲ್ಲ. ಹೊಟ್ಟೆಯ ಅಡಿಗೆ ಕೈ ಹಾಕಿದರು, ಬಿಸಿ ಇತ್ತು. "ಬೆಳಗಿನ ಜಾವ ನಾಲ್ಕು, ಐದಕ್ಕೆ ಹೋಗಿರಬೇಕು. ರಾತ್ರಿ ಬಂದಿದ್ದರೆ ಎಬ್ಬಿಸಿ ಓಡಿಸಿಬಿಡ್ತಿದ್ರಿ, ಒಳ್ಳೆ ಕೆಲಸ ಮಾಡಿದ್ರಿ" ಅಂದರು.

ಹೊಗಳಿಕೆ ಅದು. ಚಂದ್ರುವಿಗೆ ಕೇಳಿಸಿದ್ದು ಮಾತ್ರ ಹತ್ತು ಗಂಟೆ ಅನ್ನುವ ಲೆಕ್ಕ. ಬಾಣ ಬಿದ್ದ ಮೇಲೆ ಹತ್ತು ಗಂಟೆ ಅದು ಬದುಕಿತ್ತು.

ಮಾಂಸದ ಕಥೆ, ಚುಟುಕಾಗಿ

ಹೊಟ್ಟೆ ಒಡೆದ ಜಿಂಕೆಯನ್ನು ಬಗೆಯುವುದು ಹೊಲಸು ಕೆಲಸ. ರಾತ್ರಿ ತಣ್ಣಗಿತ್ತು, 3 ಡಿಗ್ರಿಗೆ ಇಳಿದಿತ್ತು, ಹಾಗಾಗಿ ಮಾಂಸ ಪೂರ್ತಿ ಕೆಟ್ಟಿರಲಿಲ್ಲ. ಒಳಗಡೆಯ ಮೆತ್ತನೆ ಮಾಂಸಕ್ಕೆ ಹೊಟ್ಟೆಯ ನೀರು ತಾಗಿತ್ತು, ಬಿಸಾಡಿದರು. ಬೆನ್ನಿನದು, ತೊಡೆಯದು, ಮುಂಗಾಲಿನದು ಚೆನ್ನಾಗಿತ್ತು. ನಿಯಮದಂತೆ 72 ಗಂಟೆಯ ಒಳಗೆ ಆನ್‌ಲೈನ್‌ನಲ್ಲಿ ವರದಿ ಮಾಡಿದ. ತಲೆಯನ್ನು ರೋಗದ ಪರೀಕ್ಷೆಗೆ ಕೊಟ್ಟ. ಜಿಂಕೆಗಳಿಗೆ ಮಿದುಳು ಸವೆಯುವ ಒಂದು ಕಾಯಿಲೆ ಇದೆ, ಕ್ರಾನಿಕ್ ವೇಸ್ಟಿಂಗ್ ಡಿಸೀಸ್. ಮಿಶಿಗನ್‌ನ ಕಾಡು ಜಿಂಕೆಗಳಲ್ಲಿ ಅದು 2015ರಲ್ಲಿ ಪತ್ತೆಯಾಯಿತು. ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ, ಆದರೂ ರೋಗ ಇರುವ ಕಡೆ ಪರೀಕ್ಷೆ ಮಾಡಿಸಿ, ಇದೆ ಅಂತ ಬಂದರೆ ತಿನ್ನಬೇಡಿ ಅಂತಲೇ ಅಲ್ಲಿನ ಆರೋಗ್ಯ ಸಂಸ್ಥೆ ಹೇಳುತ್ತದೆ. ಫಲಿತಾಂಶ ಬರುವ ಹೊತ್ತಿಗೆ ಕಾರ್ತೀಕ ಮಾಸ ಬಂದಿತ್ತು, ಹೆಂಡತಿ ಮನೆಯೊಳಗೆ ಬೇಯಿಸಲು ಬಿಡಲಿಲ್ಲ. ಮಾಂಸ ಫ್ರೀಜರ್‌ನಲ್ಲೇ ಕೂತಿತು.

ಬೆಂಗಳೂರಿಗೆ ಬಂದ ಮೇಲೆ

ಜನವರಿಯಲ್ಲಿ ರಜೆಗೆ ಬಂದ. ನಾವು ಅಭ್ಯಾಸ ಮಾಡುವ ರೇಂಜಿಗೂ ಬಂದ, ಆದರೆ ಬಿಲ್ಲು ತಂದಿರಲಿಲ್ಲ. ನಮ್ಮದೊಂದು ಬಿಲ್ಲು ಕೊಟ್ಟರೆ "ಇವತ್ತು ಬೇಡ ಸರ್" ಅಂತ ಟೀ ಕುಡಿಯುತ್ತಾ ಕೂತ. ಮಾರನೇ ವಾರವೂ ಅದೇ.

ಅಷ್ಟರಲ್ಲಿ ಮನೆಯಲ್ಲಿ ಸುದ್ದಿ ಹಬ್ಬಿತ್ತು. ಸೋದರಮಾವ ಜಿಂಕೆಯ ಫೋಟೋವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ "ನಮ್ಮ ಶಿಕಾರಿ" ಅಂತ ಬರೆದಿದ್ದ. ಕೆಳಗೆ ಬೆಂಕಿ, ಚಪ್ಪಾಳೆ ಚಿತ್ರಗಳ ಸಾಲು. ಮಧ್ಯೆ ಒಬ್ಬ ಚಿಕ್ಕಮ್ಮ "ಮೂಕ ಪ್ರಾಣಿ ಕಣೋ, ಪಾಪ ಸುತ್ತಿಕೊಳ್ಳುತ್ತೆ" ಅಂತ ಹಾಕಿದ್ದರು. ಚಂದ್ರುವಿಗೆ ಎರಡೂ ಉರಿಯಿತು. ಚಪ್ಪಾಳೆ ತಟ್ಟಿದವರಿಗೆ ಆ ರಾತ್ರಿ ನಡೆದದ್ದು ಗೊತ್ತಿಲ್ಲ. ಬೈದವರು ಭಾನುವಾರ ಮಟನ್ ಅಂಗಡಿಯ ಮುಂದೆ ಕ್ಯೂ ನಿಲ್ಲುವವರು. ಹೆಂಡತಿ ಅವನ ಪರವಾಗಿಯೇ "ಸಿಕ್ತಲ್ಲ, ಬಿಟ್ಟಾಕಿ" ಅಂದರೆ ಅದಕ್ಕೂ ಸಿಟ್ಟು.

ಸರಿಯಾದ ಪ್ರಶ್ನೆ ಕೇಳಿದ್ದು ಅಜ್ಜಿ ಒಬ್ಬರೇ. ಫೋಟೋ ನೋಡಿ, ಫೋನ್ ವಾಪಸ್ ಕೊಟ್ಟು, "ಎಷ್ಟೊತ್ತು ಒದ್ದಾಡ್ತಪ್ಪ ಅದು?" ಅಂದರು. ಇವನು ಸುಳ್ಳು ಹೇಳಲಿಲ್ಲ. ರಾತ್ರಿ ಪೂರ್ತಿ ಅಂದ. ಅಜ್ಜಿ "ಹ್ಞೂಂ" ಅಂದರು, ಅಷ್ಟೇ. ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಇದನ್ನು ಹೇಳುವಾಗ ಅವನ ಮುಖ ಮೊದಲ ಸಲ ಸ್ವಲ್ಪ ಹಗುರಾಗಿ ಕಂಡಿತು. ನನಗೆ ಅನ್ನಿಸಿದ್ದು: ಇಷ್ಟು ದಿನ ಎಲ್ಲರೂ ಆ ಹತ್ತು ಗಂಟೆಯನ್ನು ಮುಚ್ಚಿ ಮಾತಾಡುತ್ತಿದ್ದರು, ಒಬ್ಬರು ತೆರೆದು ನೋಡಿದರು.

ಆಮೇಲೆ ನಾವಿಬ್ಬರೂ ಒಂದು ಕೆಲಸ ಮಾಡಿದೆವು. ಸ್ಕೋರ್ ಹಾಳೆಯ ಹಿಂಬದಿಯಲ್ಲಿ ಆ ಸಂಜೆಯಿಂದ ಬೆಳಿಗ್ಗೆವರೆಗಿನ ಒಂದೊಂದು ನಿರ್ಧಾರವನ್ನೂ ಬೇರೆ ಬೇರೆ ಬರೆದೆವು. ಪ್ರತಿಯೊಂದರ ಮುಂದೆ ಆ ಹೊತ್ತಿಗೆ ಅವನಿಗೆ ಏನು ಗೊತ್ತಿತ್ತು ಅಂತ ಮಾತ್ರ. ಆಮೇಲೆ ಏನಾಯಿತು ಅನ್ನುವುದನ್ನು ಬರೆಯುವ ಹಾಗಿಲ್ಲ. ಸ್ಪರ್ಧೆ ಸೋತು ಬಂದವರ ಜೊತೆ ನಾನು ಮಾಡುವುದೂ ಇದನ್ನೇ. ಗಾಳಿ ಬೀಸಿ ಹತ್ತಕ್ಕೆ ಬಿದ್ದ ಕೆಟ್ಟ ಬಾಣ ಇರುತ್ತದೆ, ಎಲ್ಲ ಸರಿ ಮಾಡಿಯೂ ಏಳಕ್ಕೆ ಬಿದ್ದ ಒಳ್ಳೆಯ ಬಾಣ ಇರುತ್ತದೆ.

ಹಾಗೆ ಬಿಡಿಸಿಟ್ಟಾಗ ಚಿತ್ರ ಬದಲಾಯಿತು. ಬಾಣ ಬಿಟ್ಟ ನಿರ್ಧಾರ ನಿಲ್ಲಲಿಲ್ಲ. ಜಿಂಕೆ ತಲೆ ಎತ್ತಿ ನೋಡಿತ್ತು, ಕೋನ ಸರಿ ಇರಲಿಲ್ಲ, ಕೈ ನಡುಗುತ್ತಿತ್ತು, ಮೂರೂ ಅವನಿಗೆ ಆಗಲೇ ಗೊತ್ತಿತ್ತು. ಜಿಂಕೆ ಸಿಕ್ಕಿತು ಅನ್ನೋದು ಅದನ್ನು ಸರಿ ಮಾಡುವುದಿಲ್ಲ. ಕಾದ ನಿರ್ಧಾರ ಗಟ್ಟಿಯಾಗಿ ನಿಂತಿತು. ಜಿಂಕೆ ಸಿಗದೇ ಹೋಗಿದ್ದರೂ ಅದು ಸರಿಯೇ. ನಾಯಿ ಕರೆಸಿದ್ದು, ಬೇಲಿಯ ಹತ್ತಿರ ನಿಂತದ್ದು ಕೂಡ. ಅವನ ತಲೆಯೊಳಗೆ ಇವೆಲ್ಲ ಒಂದೇ ಉಂಡೆಯಾಗಿ ಕೂತಿದ್ದವು. ಖುಷಿ ಪಡೋಣ ಅಂದರೆ ಬಾಣದ ನೆನಪು, ಬೇಜಾರು ಮಾಡಿಕೊಳ್ಳೋಣ ಅಂದರೆ "ಸಿಕ್ಕಿತಲ್ಲ" ಅನ್ನುವ ಮಾತು.

ಒಂದು ವಿಷಯ ಮಾತ್ರ ಯಾವ ಸಾಲಿಗೂ ಸೇರಲಿಲ್ಲ. ಕಾದದ್ದು ಸರಿ, ಆದರೆ ಅವನು ಕಾಯುತ್ತಿದ್ದ ಅಷ್ಟೂ ಹೊತ್ತು ಜಿಂಕೆ ನರಳುತ್ತಿತ್ತು. ಹೋಗಿದ್ದರೂ ನರಳುತ್ತಿತ್ತು, ಬಹುಶಃ ಇನ್ನೂ ಜಾಸ್ತಿ, ಯಾರಿಗೂ ಸಿಗದ ಕಡೆ. ಇದಕ್ಕೆ ಉತ್ತರ ಇಲ್ಲ. ಹುಡುಕಲೂ ಹೋಗಲಿಲ್ಲ ನಾವು. ಮರಿಯ ಬಗ್ಗೆಯೂ ಮಾತು ಬಂತು. ಆ ವಯಸ್ಸಿನ ಮರಿ ತಾಯಿ ಇಲ್ಲದೆ ಬದುಕುತ್ತದೆ ಅಂತ ಅವನೇ ಹೇಳಿದ, ಹೇಳಿ ಸುಮ್ಮನಾದ.

ಏನು ಬದಲಾಯಿತು

ನಮ್ಮ ರೇಂಜಿನಲ್ಲಿ ಒಂದು ಅಭ್ಯಾಸ ಸೇರಿತು. ಸ್ಪರ್ಧೆಯ ಬಿಲ್ಲುಗಾರಿಕೆ ಬಾಣ ಬಿಟ್ಟು ಮುಗಿಸುವುದನ್ನು ಕಲಿಸುತ್ತದೆ. ಗಡಿಯಾರ ಓಡುತ್ತಿರುತ್ತದೆ, ಮುಖಾಮುಖಿ ಪಂದ್ಯದಲ್ಲಿ ಒಂದು ಬಾಣಕ್ಕೆ 20 ಸೆಕೆಂಡ್, ಎಳೆದ ಮೇಲೆ ಬಿಡದೆ ಇಳಿಸಿದರೆ ಸುತ್ತಲಿನವರು ಏನಾಯಿತು ಅಂತ ನೋಡುತ್ತಾರೆ. ಬೇಟೆಯಲ್ಲಿ ಬೇಕಾಗಿದ್ದು ಉಲ್ಟಾ. ಎಳೆದ ಹೆದೆಯನ್ನು, ಎಲ್ಲವೂ ಬಿಡು ಬಿಡು ಅನ್ನುತ್ತಿರುವಾಗ, ಸದ್ದಿಲ್ಲದೆ ಇಳಿಸುವುದು. ಕಾಂಪೌಂಡ್‌ನಲ್ಲಿ ಇದು ಸುಲಭವೂ ಅಲ್ಲ. ಇಳಿಸುವಾಗ ಕಡಿಮೆಯಾಗಿದ್ದ ಭಾರ ಒಮ್ಮೆಲೇ ವಾಪಸ್ ಬಂದು ಕೈಯನ್ನು ಮುಂದಕ್ಕೆ ಎಳೆಯುತ್ತದೆ. ಈಗ ವಿದೇಶಕ್ಕೆ ಹೊರಟವರಿಗೆ, ಗುರಿ ಕೂತು ಇನ್ನೇನು ಬಿಡಬೇಕು ಅನ್ನುವಾಗ ಹಿಂದಿನಿಂದ "ಇಳಿಸು" ಅಂತ ಕೂಗುತ್ತೇವೆ. ಮೊದಮೊದಲು ಅರ್ಧ ಜನ ಬಿಟ್ಟೇಬಿಡುತ್ತಾರೆ.

ಚಂದ್ರು ತನ್ನದೇ ಕೆಲವು ಕಟ್ಟುಪಾಡು ಮಾಡಿಕೊಂಡ. 20 ಮೀಟರ್ ದಾಟಿದರೆ ಬಾಣ ಇಲ್ಲ. ತಲೆ ಎತ್ತಿ ನೋಡಿದ ಜಿಂಕೆಗೆ ಇಲ್ಲ. ಸೀಸನ್ ಶುರುವಾಗುವ ಮೊದಲೇ ಬೇಲಿಯಾಚೆಯ ಮನೆಯವರನ್ನು ಕಂಡು ಮಾತಾಡಿಸಿ ಬರುವುದು, ನಾಯಿಯವರ ನಂಬರ್ ಫೋನಿನಲ್ಲಿ ಇರುವುದು. ನನ್ನ ಕೇಳಿದರೆ ಬೇಲಿಯದ್ದೇ ಎಲ್ಲಕ್ಕಿಂತ ಉಪಯೋಗದ್ದು, ಯಾರೂ ಮಾಡುವುದಿಲ್ಲ.

ಬೆಂಗಳೂರಿನಿಂದ ವಾಪಸ್ ಹೋದ ಮೇಲೆ ಫ್ರೀಜರ್‌ನಿಂದ ಮಾಂಸ ತೆಗೆದು ಮಂಡ್ಯದ ಮಸಾಲೆ ಅರೆದು ಸಾರು ಮಾಡಿದ. ಕನ್ನಡದ ಗೆಳೆಯರು ಬಂದಿದ್ದರು, ಮುದ್ದೆ ಜೊತೆ ಉಂಡರು. ಒಬ್ಬರು ಮಾತ್ರ ಹೇಗೆ ಸತ್ತಿತು ಅಂತ ಕೇಳಿ, ಇವನು ಹೇಳಿದ ಮೇಲೆ, ಮೊಸರನ್ನ ಹಾಕಿಸಿಕೊಂಡರು. ಇವನಿಗೆ ಬೇಜಾರಾಗಲಿಲ್ಲವಂತೆ.

ಮುಂದಿನ ಸೀಸನ್‌ಗೆ ಲೈಸೆನ್ಸ್ ತೆಗೆದುಕೊಂಡ. ಹೆಂಡತಿಗೆ ಈಗಲೂ ಇಷ್ಟ ಇಲ್ಲ, ಅದನ್ನು ಮುಚ್ಚಿಟ್ಟೂ ಇಲ್ಲ. ಎರಡು ಸಲ ಹೆದೆ ಎಳೆದು ಇಳಿಸಿದೆ ಅಂತ ಮೆಸೇಜ್ ಮಾಡಿದ್ದ, ಯಾವುದಕ್ಕೂ ಬಾಣ ಬಿಟ್ಟಿರಲಿಲ್ಲ. ನಮ್ಮಿಬ್ಬರ ಮಧ್ಯೆ ಒಂದು ವಾದ ಇನ್ನೂ ಮುಗಿದಿಲ್ಲ. ಆ ರಾತ್ರಿ ನಾಯಿಯವರು ಸಿಗದೆ ಹೋಗಿ, ಜೋರು ಮಳೆಯೂ ಖಚಿತ ಅಂತ ಇದ್ದಿದ್ದರೆ? ಆಗಲೂ ಕಾಯಬೇಕಿತ್ತು, ಬೆಳಿಗ್ಗೆ ನಾಲ್ಕು ಜನ ಸೇರಿ ಸಾಲಾಗಿ ನಡೆದು ಹುಡುಕಬೇಕಿತ್ತು ಅನ್ನೋದು ಸಹೋದ್ಯೋಗಿಯ ಮಾತು, ನನಗೂ ಅದೇ ಸರಿ ಕಾಣುತ್ತದೆ. ಚಂದ್ರು ಒಪ್ಪುವುದಿಲ್ಲ. ಅಂಥ ರಾತ್ರಿ ಬಂದರೆ ಮಳೆಗೆ ಮುಂಚೆ, ನಡುರಾತ್ರಿಯ ಹೊತ್ತಿಗೆ, ಒಬ್ಬನೇ ಮೊದಲ ನೂರು ಮೀಟರ್ ಹೋಗಿ ನೋಡುತ್ತೇನೆ ಅನ್ನುತ್ತಾನೆ.